ಯಂತ್ರದ ಆಟ, ಯಾರ ಬುದ್ಧಿ?

1770ರಲ್ಲಿ ವಿಯೆನ್ನಾದ ಆಸ್ಥಾನದಲ್ಲಿ ಕೆಂಪೆಲೆನ್ ಎಂಬಾತ ಚದುರಂಗ ಆಡುವ ಗೊಂಬೆಯೊಂದನ್ನು ಪ್ರದರ್ಶಿಸಿದ. ತುರ್ಕಿಯವನ ವೇಷದ ಆ ಗೊಂಬೆ ದಶಕಗಳ ಕಾಲ ಜನರನ್ನು ಬೆರಗುಗೊಳಿಸಿತು. ಪೆಟ್ಟಿಗೆಯೊಳಗೆ ಅಡಗಿ ಕೂತು ಕಾಯಿ ನಡೆಸುತ್ತಿದ್ದವನು ಮನುಷ್ಯ. ಈಗ ಕಾಲ ತಿರುಗಿದೆ. ಮನುಷ್ಯನ ಹಿಂದೆ ಯಂತ್ರ ಅಡಗುತ್ತದೆ.

2021ರ ಜೂನ್ 13ರಂದು ಆದದ್ದು ಅದೇ. ಕೋವಿಡ್ ಪರಿಹಾರಕ್ಕೆ ಹಣ ಕೂಡಿಸಲು ವಿಶ್ವನಾಥನ್ ಆನಂದ್ ಅಂತರ್ಜಾಲದಲ್ಲಿ ಹಲವು ಗಣ್ಯರೊಡನೆ ಏಕಕಾಲಕ್ಕೆ ಆಡಿದರು. ಐದು ಬಾರಿ ವಿಶ್ವ ಚಾಂಪಿಯನ್ ಆಗಿದ್ದ ಅವರು ಬೆಂಗಳೂರಿನ ಉದ್ಯಮಿ, ಜೆರೋಧಾದ ನಿಖಿಲ್ ಕಾಮತ್ ಅವರಿಗೆ ಸೋತರು! ಮರುದಿನವೇ ಕಾಮತ್, ಆಟವನ್ನು ವಿಶ್ಲೇಷಿಸುತ್ತಿದ್ದವರ ಮತ್ತು ಗಣಕಗಳ ನೆರವು ತಮಗಿತ್ತೆಂದು ಬಹಿರಂಗವಾಗಿ ಒಪ್ಪಿಕೊಂಡು ಕ್ಷಮೆ ಕೇಳಿದರು.

ಹಾಗೆಂದು ಗಣಕವೇನೂ ಅಂತರ್ಜಾಲದ ಚದುರಂಗಕ್ಕೆ ಅಸ್ಪೃಶ್ಯವಲ್ಲ. ಇಂಟರ್‌ನೆಟ್ ಚೆಸ್ ಕ್ಲಬ್ಬಿನಲ್ಲಿ ಗಣಕ ಆಡುವ ಖಾತೆಗಳ ಹೆಸರಿನ ಪಕ್ಕ ‘ಸಿ’ ಎಂಬ ಗುರುತಿರುತ್ತಿತ್ತು. ಇಷ್ಟವಿದ್ದವರು ಅದರೊಡನೆ ಆಡಬಹುದು, ಇಲ್ಲದವರು ಬಿಡಬಹುದು. ಆನಂದರ ಎದುರು ಇಲ್ಲದೆ ಹೋದದ್ದು ಆ ಗುರುತು.

ಗಣಕಗಳು ತಮ್ಮತಮ್ಮಲ್ಲೇ ಆಡುವ ಪಂದ್ಯಾವಳಿಗಳೂ ಉಂಟು. ಅಲ್ಲಿ ಪ್ರಶ್ನೆ ಇನ್ನೊಂದು ಬಗೆಯದು: ಈ ಯಂತ್ರದ ಬುದ್ಧಿ ಯಾರದು? 1974ರಲ್ಲಿ ಸ್ಟಾಕ್‌ಹೋಮ್‌ನಲ್ಲಿ ಮೊದಲ ವಿಶ್ವ ಗಣಕ ಚದುರಂಗ ಪಂದ್ಯಾವಳಿ ನಡೆದು ಸೋವಿಯತ್ ಒಕ್ಕೂಟದ ‘ಕೈಸ್ಸಾ’ ಗೆದ್ದಿತು. ಇಂಥ ಕೂಟಗಳಲ್ಲಿ ಗಣಕ ಹೇಳಿದ ನಡೆಯನ್ನು ಹಲಗೆಯ ಮೇಲೆ ನಡೆಸಲು ಒಬ್ಬ ನಿರ್ವಾಹಕ ಕೂರುತ್ತಾನೆ. ಅವನು ಬರೀ ಕೈ, ತಲೆ ಓಡಿಸುವಂತಿಲ್ಲ. ಆತ ಎದುರಿಗಿದ್ದರೆ ಕಣ್ಣಿಡಬಹುದು. ಸ್ಪರ್ಧೆ ಅಂತರ್ಜಾಲಕ್ಕೆ ಹೋಗಿ ಆತ ತನ್ನ ಮನೆಯಲ್ಲೇ ಕುಳಿತರೆ ನೋಡುವವರಾರು? ‘ಟಿಸೆಕ್’ ಎಂಬ ಪಂದ್ಯಾವಳಿ 2010ರಿಂದ ಹಿಡಿದಿರುವ ದಾರಿ ಒಳ್ಳೆಯದು. ಎಲ್ಲ ಪ್ರೋಗ್ರಾಂಗಳೂ ಸಂಘಟಕರ ಯಂತ್ರದಲ್ಲೇ ಓಡುತ್ತವೆ, ಪ್ರತಿ ನಡೆಯ ಹಿಂದಿನ ಲೆಕ್ಕಾಚಾರ ಪ್ರೇಕ್ಷಕರಿಗೂ ಕಾಣುತ್ತದೆ.

ಆದರೆ ಪ್ರೋಗ್ರಾಂ ಬರೆದವನಾರು ಎಂಬುದು ಪರದೆಯ ಮೇಲೆ ಕಾಣದು. ಅಂತರರಾಷ್ಟ್ರೀಯ ಗಣಕ ಆಟಗಳ ಸಂಘದ ನಿಯಮದಂತೆ ಪ್ರೋಗ್ರಾಂ ಸ್ಪರ್ಧಿಯ ಸ್ವಂತ ಕೃತಿಯಾಗಿರಬೇಕು, ಪರರ ಬರಹ ಸೇರಿದ್ದರೆ ಅರ್ಜಿಯಲ್ಲೇ ಅವರ ಹೆಸರು ಹೇಳಬೇಕು, ಕೇಳಿದಾಗ ಮೂಲ ಸಂಕೇತವನ್ನು ತೋರಿಸಬೇಕು. 2007ರಿಂದ 2010ರವರೆಗೆ ಸತತ ನಾಲ್ಕು ಬಾರಿ ವಿಶ್ವ ಪ್ರಶಸ್ತಿ ಗೆದ್ದ ‘ರಿಬ್ಕಾ’ ಎಡವಿದ್ದು ಈ ನಿಯಮಕ್ಕೇ. 2011ರಲ್ಲಿ ಸಂಘ, ಅದರಲ್ಲಿ ‘ಫ್ರೂಟ್’ ಮತ್ತು ‘ಕ್ರಾಫ್ಟಿ’ ಪ್ರೋಗ್ರಾಂಗಳಿಂದ ಎತ್ತಿದ ಭಾಗಗಳಿವೆಯೆಂದು ತೀರ್ಮಾನಿಸಿ ಪ್ರಶಸ್ತಿಗಳನ್ನು ಕಿತ್ತುಕೊಂಡಿತು, ಕರ್ತೃ ವಾಸಿಕ್ ರೈಲಿಕ್‌ಗೆ ಆಜೀವ ನಿಷೇಧ ಹೇರಿತು. ಆತ ಆರೋಪವನ್ನು ಒಪ್ಪಲಿಲ್ಲ. ನಿಷೇಧದ ಕ್ರಮ ಸರಿಯಲ್ಲವೆಂದು ವಿಶ್ವ ಚದುರಂಗ ಒಕ್ಕೂಟದ ನೀತಿ ಆಯೋಗ 2015ರಲ್ಲಿ ಸಂಘಕ್ಕೇ ಎಚ್ಚರಿಕೆ ಕೊಟ್ಟಿತು.

ವಿಷಯ ಸುಲಭದ್ದಲ್ಲ, ನಿಜ. ಈ ಕ್ಷೇತ್ರದಲ್ಲಿ ಎಲ್ಲರೂ ಒಬ್ಬರಿಂದೊಬ್ಬರು ಕಲಿತವರೇ. ಆದರೆ ಪಕ್ಕದ ಮನೆಯವರಿಂದ ಸಾರಿನ ಹದ ಕಲಿಯುವುದು ಬೇರೆ, ಅವರ ಸಾರನ್ನೇ ಪಾತ್ರೆ ಬದಲಿಸಿ ಬಡಿಸುವುದು ಬೇರೆ. ಹಂಚಿಕೊಳ್ಳಲೆಂದೇ ಬರೆದದ್ದಾದರೂ ಹೆಸರು ಹೇಳದೆ ಬಡಿಸುವಂತಿಲ್ಲ.

ಇಂದು ಊರ್ಡಿಗೆರೆಯ ಹುಡುಗನೂ ತನ್ನ ಮೊಬೈಲಿಗೆ ಬಿಟ್ಟಿಯಾಗಿ ಇಳಿಸಿಕೊಳ್ಳಬಹುದಾದ ‘ಸ್ಟಾಕ್‌ಫಿಶ್’ ಅಂಥದ್ದು. ಯಾರೂ ಬಳಸಬಹುದು, ತಿದ್ದಬಹುದು, ಮಾರಲೂಬಹುದು. ಆದರೆ ಅದನ್ನು ಹಂಚುವವರು ಮೂಲ ಸಂಕೇತವನ್ನೂ ಕೊಡಬೇಕು, ಎಲ್ಲಿಂದ ಬಂತೆಂದು ಹೇಳಬೇಕು. ಜರ್ಮನಿಯ ಚೆಸ್‌ಬೇಸ್ ಕಂಪನಿ ಅದರ ಮೇಲೆ ಕಟ್ಟಿದ ‘ಫ್ಯಾಟ್ ಫ್ರಿಟ್ಜ್ 2’ ಮಾರುವಾಗ ಈ ಷರತ್ತುಗಳನ್ನು ಮುರಿಯಿತೆಂದು ಸ್ಟಾಕ್‌ಫಿಶ್ ಬರೆದವರು 2021ರಲ್ಲಿ ಮ್ಯೂನಿಕ್‌ನಲ್ಲಿ ಮೊಕದ್ದಮೆ ಹೂಡಿದರು. 2022ರ ನವೆಂಬರಿನಲ್ಲಿ ರಾಜಿಯಾಯಿತು. ಒಂದು ವರ್ಷ ಕಾಲ ಸ್ಟಾಕ್‌ಫಿಶ್ ಇರುವ ಯಾವುದನ್ನೂ ಮಾರದಿರಲು ಒಪ್ಪಿದ ಕಂಪನಿ, ಇಂಥ ಪರವಾನಗಿಗಳ ಪಾಲನೆ ನೋಡಿಕೊಳ್ಳಲೆಂದೇ ಒಬ್ಬ ಅಧಿಕಾರಿಯನ್ನು ನೇಮಿಸುವುದಾಗಿಯೂ ಬರೆದುಕೊಟ್ಟಿತು.