ವಜ್ರದ ಮೊನೆಯಲ್ಲಿ ಭೂಗರ್ಭ

ಕೋಲಾರದ ಚಿನ್ನದ ಗಣಿಗಳಲ್ಲಿ ಒಂದಾದ ಚಾಂಪಿಯನ್ ರೀಫ್ ನೆಲದಡಿ 3 ಕಿಲೋಮೀಟರಿಗೂ ಹೆಚ್ಚು ಇಳಿದಿತ್ತು. ಅಷ್ಟು ಆಳದಲ್ಲಿ ಬಂಡೆಯ ಮೈ ಸುಡುತ್ತಿತ್ತು. ಮೇಲಿನ ನೆಲದ ಭಾರ ತಾಳದೆ ಸುರಂಗದ ಗೋಡೆ ಇದ್ದಕ್ಕಿದ್ದಂತೆ ಸಿಡಿದು ಎಷ್ಟೋ ಕಾರ್ಮಿಕರು ಪ್ರಾಣ ಕಳೆದುಕೊಂಡರು. ರಷ್ಯಾದ ಕೋಲಾ ಪರ್ಯಾಯದ್ವೀಪದಲ್ಲಿ 1970ರಲ್ಲಿ ಕೊರೆಯಲು ಆರಂಭಿಸಿದ ಬಾವಿ 12,262 ಮೀಟರ್ ತಲುಪಿ, ಸುಮಾರು 180 ಡಿಗ್ರಿ ಸೆಲ್ಸಿಯಸ್ ಶಾಖಕ್ಕೆ ಸೋತು ನಿಂತಿತು. ಭೂಮಿಯ ತ್ರಿಜ್ಯ 6,371 ಕಿಲೋಮೀಟರ್. ಅಂದರೆ ಮನುಷ್ಯನ ಕೈ ತಲುಪಿರುವುದು ಐನೂರರಲ್ಲಿ ಒಂದು ಪಾಲಿಗೂ ಕಡಿಮೆ.

ಉಳಿದ ದಾರಿಯ ಸುದ್ದಿಯನ್ನು ತರುವುದು ಭೂಕಂಪದ ಅಲೆಗಳು. ಅವನ್ನು ಓದಿಯೇ ಡೆನ್ಮಾರ್ಕಿನ ಇಂಗೆ ಲೆಹ್ಮನ್ 1936ರಲ್ಲಿ ಭೂಮಿಗೆ ಒಂದು ಒಳತಿರುಳಿದೆ ಎಂದು ತೋರಿಸಿದರು. ಆದರೆ ಅಲೆ ಹೇಳುವುದು ವೇಗವನ್ನು ಮಾತ್ರ. ಇಂಥ ಆಳದಲ್ಲಿ ಇಷ್ಟು ವೇಗವಾಗಿ ಬಂದೆ ಎನ್ನುತ್ತದೆಯೇ ಹೊರತು, ಯಾವ ಖನಿಜವನ್ನು ಹಾದು ಬಂದೆ ಎನ್ನುವುದಿಲ್ಲ. ಅದನ್ನು ತಿಳಿಯಬೇಕಾದರೆ ಆ ಆಳದ ಒತ್ತಡವನ್ನೂ ಶಾಖವನ್ನೂ ಪ್ರಯೋಗಾಲಯದಲ್ಲಿ ಸೃಷ್ಟಿಸಿ, ಅಲ್ಲಿ ಹುಟ್ಟುವ ಖನಿಜವನ್ನು ಅಳೆಯಬೇಕು. ಅಧಿಕ ಒತ್ತಡದ ಖನಿಜ ಭೌತವಿಜ್ಞಾನದ ಕೆಲಸವೇ ಇದು.

ಒತ್ತಡ ಎಷ್ಟೆಂದರೆ, ಸುಮಾರು 2,890 ಕಿಲೋಮೀಟರ್ ಆಳದಲ್ಲಿ, ಕಲ್ಲಿನ ಕವಚ ಮುಗಿದು ಕಬ್ಬಿಣದ ತಿರುಳು ಶುರುವಾಗುವ ಕಡೆ, ನಮ್ಮ ವಾತಾವರಣದ ಒತ್ತಡದ 13 ಲಕ್ಷ ಪಟ್ಟಿಗೂ ಹೆಚ್ಚು. ಭೂಮಿಯ ಕೇಂದ್ರದಲ್ಲಿ ಸುಮಾರು 36 ಲಕ್ಷ ಪಟ್ಟು. ಇದನ್ನು ಸಾಧಿಸುವ ಸಾಧನ ಮಾತ್ರ ಅಂಗೈಯಲ್ಲಿ ಹಿಡಿಸುತ್ತದೆ. ಹೆಸರು ಡೈಮಂಡ್ ಆನ್ವಿಲ್ ಸೆಲ್. 1950ರ ದಶಕದ ಕೊನೆಯಲ್ಲಿ ಅಮೆರಿಕದ ನ್ಯಾಷನಲ್ ಬ್ಯೂರೋ ಆಫ್ ಸ್ಟ್ಯಾಂಡರ್ಡ್ಸ್‌ನಲ್ಲಿ ಚಾರ್ಲ್ಸ್ ವಿಯರ್, ಆಲ್ವಿನ್ ವ್ಯಾನ್ ವಾಲ್ಕೆನ್‌ಬರ್ಗ್ ಮತ್ತು ಸಂಗಡಿಗರು ಇದನ್ನು ರೂಪಿಸಿದರು. ಕಳ್ಳಸಾಗಣೆದಾರರಿಂದ ಸರ್ಕಾರ ವಶಪಡಿಸಿಕೊಂಡ ವಜ್ರಗಳು ಅವರ ಪ್ರಯೋಗಕ್ಕೆ ಒದಗಿದ್ದವು.

ಎರಡು ವಜ್ರಗಳ ಮೊನೆಗಳನ್ನು ಚಪ್ಪಟೆಯಾಗಿ ಉಜ್ಜಿ ಎದುರುಬದುರು ನಿಲ್ಲಿಸಿ ಒತ್ತುತ್ತಾರೆ. ಕಾಲಿಗೆ ಮುಳ್ಳು ನಾಟುವ ಲೆಕ್ಕವೇ ಇಲ್ಲೂ: ಬಲ ಸಾಧಾರಣದ್ದಾದರೂ ಬೀಳುವ ಜಾಗ ತೀರಾ ಕಿರಿದಾದರೆ ಒತ್ತಡ ಲಕ್ಷಗಟ್ಟಲೆ ಏರುತ್ತದೆ. ಹಾಗಾಗಿ ಕೈಯಿಂದ ಸ್ಕ್ರೂ ತಿರುಗಿಸಿದರೂ ಸಾಕು. ಕಷ್ಟವಿರುವುದು ಅದಕ್ಕೂ ಮುಂಚಿನ ಸಿದ್ಧತೆಯಲ್ಲಿ. ರೀನಿಯಂ ಎಂಬ ಗಟ್ಟಿ ಲೋಹದ ತೆಳು ಹಾಳೆಯನ್ನು ಆ ವಜ್ರಗಳಿಂದಲೇ ಅದುಮಿ ಇನ್ನಷ್ಟು ತೆಳುಗೊಳಿಸಿ, ನಡುವೆ ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗದಷ್ಟು ತೂತು ಕೊರೆಯುತ್ತಾರೆ. ಸೂಕ್ಷ್ಮದರ್ಶಕದಲ್ಲಿ ಕಣ್ಣಿಟ್ಟು, ಸೂಜಿಯ ತುದಿಯಿಂದ ಖನಿಜದ ಚೂರನ್ನು ಆ ತೂತಿನೊಳಗೆ ಕೂರಿಸಬೇಕು. ವಜ್ರ ಶಾಖವನ್ನು ಕ್ಷಣದಲ್ಲಿ ಎಳೆದುಕೊಳ್ಳುವುದರಿಂದ ಚೂರಿನ ಮೇಲೂ ಕೆಳಗೂ ಉಪ್ಪಿನ ಪದರ ಹಾಸಬೇಕು. ಪಕ್ಕದಲ್ಲಿ ಕೆಂಪು ಮಾಣಿಕ್ಯದ ಒಂದು ಕಣ. ಲೇಸರ್ ಬಿದ್ದಾಗ ಅದು ಹೊಮ್ಮಿಸುವ ಬೆಳಕಿನ ತರಂಗಾಂತರ ಒತ್ತಡ ಏರಿದಂತೆ ಸರಿಯುತ್ತದೆ, ಎಷ್ಟು ಸರಿಯಿತೆಂಬುದರಿಂದ ಒತ್ತಡದ ಲೆಕ್ಕ ಸಿಗುತ್ತದೆ. ಬಳಿಕ ಎರಡೂ ಬದಿಯಿಂದ ಲೇಸರ್ ಹಾಯಿಸಿ ಚೂರನ್ನು ಸಾವಿರಾರು ಡಿಗ್ರಿಗೆ ಕಾಯಿಸಿ, ಸಿಂಕ್ರೋಟ್ರಾನ್ ಎಂಬ ಬೃಹತ್ ಯಂತ್ರದ ಪ್ರಖರ ಎಕ್ಸ್-ಕಿರಣದಿಂದ ಪರಮಾಣುಗಳ ಜೋಡಣೆಯನ್ನು ನೋಡುತ್ತಾರೆ. ವಜ್ರ ಪಾರದರ್ಶಕವಾಗಿರುವುದರಿಂದಲೇ ಇದೆಲ್ಲ ಸಾಧ್ಯ. ಉಸಿರು ತುಸು ಜೋರಾದರೆ ಚೂರು ಹಾರಿಹೋಗುತ್ತದೆ. ಎಲ್ಲ ಸರಿಹೋಗಿ, ಕೊನೆಗೆ ಒತ್ತಡ ಇಳಿಸುವಾಗ ವಜ್ರ ಒಡೆಯುವುದೂ ಉಂಟು.

ಇಂಥ ಕೆಲಸದಿಂದ ಏನು ಸಿಕ್ಕಿತು? 1974ರಲ್ಲಿ ಆಸ್ಟ್ರೇಲಿಯಾದ ಕ್ಯಾನ್‌ಬೆರಾದಲ್ಲಿ ಲಿನ್-ಗುನ್ ಲಿಯು ಮೆಗ್ನೀಸಿಯಮ್ ಸಿಲಿಕೇಟ್‌ನ ಒಂದು ಹೊಸ ಸಾಂದ್ರ ರೂಪವನ್ನು ತಯಾರಿಸಿದರು. ಸುಮಾರು 660 ಕಿಲೋಮೀಟರ್ ಕೆಳಗಿನ ಕವಚದ ಮುಖ್ಯ ಖನಿಜ ಅದೇ ಎಂಬುದು ಬರಬರುತ್ತ ಖಚಿತವಾಯಿತು. ಭೂಮಿಯ ಒಟ್ಟು ಗಾತ್ರದಲ್ಲಿ ಅದರ ಪಾಲು ಶೇ 38ರ ಆಸುಪಾಸು. ಈ ಗ್ರಹದಲ್ಲಿ ಅದಕ್ಕಿಂತ ಹೆಚ್ಚಿರುವ ಖನಿಜವಿಲ್ಲ. ಆದರೂ 40 ವರ್ಷ ಅದಕ್ಕೆ ಹೆಸರಿಡಲಾಗಲಿಲ್ಲ. ನಿಸರ್ಗದಲ್ಲಿ ಸಿಕ್ಕ ಮಾದರಿ ಇಲ್ಲದೆ ಖನಿಜಕ್ಕೆ ಅಧಿಕೃತ ಹೆಸರು ಕೊಡಬಾರದೆಂಬುದು ಅಂತರರಾಷ್ಟ್ರೀಯ ಖನಿಜಶಾಸ್ತ್ರ ಸಂಘಟನೆಯ ನಿಯಮ. ಈ ಖನಿಜವೋ, ಮೇಲೆ ಬರುವಷ್ಟರಲ್ಲಿ ಒತ್ತಡ ಕಳೆದುಕೊಂಡು ಬೇರೆಯದೇ ಆಗಿಬಿಡುತ್ತದೆ. ಕೊನೆಗೆ ಅದು ಸಿಕ್ಕಿದ್ದು ಆಕಾಶದಿಂದ. 1879ರಲ್ಲಿ ಕ್ವೀನ್ಸ್‌ಲ್ಯಾಂಡಿನ ಟೆನ್‌ಹ್ಯಾಮ್ ಬಳಿ ಬಿದ್ದ ಉಲ್ಕಾಶಿಲೆಯಲ್ಲಿ, ಬಾಹ್ಯಾಕಾಶದ ಯಾವುದೋ ಡಿಕ್ಕಿಯ ಆಘಾತದಲ್ಲಿ ಹುಟ್ಟಿ ಹಾಗೆಯೇ ಉಳಿದ ಅತಿಸೂಕ್ಷ್ಮ ಹರಳುಗಳನ್ನು ಆಲಿವರ್ ಚೌನರ್, ಚೀ ಮಾ ಮತ್ತು ಸಹೋದ್ಯೋಗಿಗಳು ಗುರುತಿಸಿದರು. 2014ರಲ್ಲಿ ಅದು ಬ್ರಿಜ್‌ಮನೈಟ್ ಆಯಿತು; ಅಧಿಕ ಒತ್ತಡದ ಸಂಶೋಧನೆಗಾಗಿ 1946ರ ನೊಬೆಲ್ ಪಡೆದ ಪರ್ಸಿ ಬ್ರಿಜ್‌ಮನ್ ಅವರ ನೆನಪಿಗೆ. ಈ ಕ್ಷೇತ್ರದ ಬಗ್ಗೆ ನನಗೆ ಗೌರವ ಹುಟ್ಟಿಸುವುದು ಈ ಕ್ರಮವೇ: ಪ್ರಯೋಗಾಲಯ ಮೊದಲು ಹೇಳಿತು, ನಿಸರ್ಗ ನಾಲ್ಕು ದಶಕಗಳ ನಂತರ ಹೌದೆಂದಿತು.

ಬ್ರಿಜ್‌ಮನೈಟ್‌ಗಿಂತ ಆಚೆ ಏನೂ ಇಲ್ಲವೆಂದು ಬಹುಕಾಲ ನಂಬಿದ್ದರು. ಆದರೆ ತಿರುಳಿನ ಹೊಸ್ತಿಲಲ್ಲಿ, 2,700 ಕಿಲೋಮೀಟರ್ ಸುಮಾರಿಗೆ ಅಲೆಗಳ ವೇಗ ವಿಚಿತ್ರವಾಗಿ ಜಿಗಿಯುವುದಕ್ಕೆ ಕಾರಣ ಹೊಳೆದಿರಲಿಲ್ಲ. 2004ರಲ್ಲಿ ಮುರಕಾಮಿ, ಹಿರೋಸೆ ಮತ್ತು ಸಂಗಡಿಗರು ಜಪಾನಿನ ಸ್ಪ್ರಿಂಗ್-8 ಸಿಂಕ್ರೋಟ್ರಾನ್‌ನಲ್ಲಿ 125 ಗಿಗಾಪಾಸ್ಕಲ್ ಒತ್ತಡದಲ್ಲಿ ಅದೇ ಮೆಗ್ನೀಸಿಯಮ್ ಸಿಲಿಕೇಟ್ ಅನ್ನು ಕಾಯಿಸಿದಾಗ, ಎಕ್ಸ್-ಕಿರಣದ ಚಿತ್ರದಲ್ಲಿ ಹಳೆಯ ರಚನೆಗೆ ಹೊಂದದ ಹೊಸ ಗುರುತುಗಳು ಮೂಡಿದವು. ಪದರ ಪದರವಾಗಿ ಜೋಡಿಸಿಕೊಂಡ ಆ ಹೊಸ ರೂಪ, ಪೋಸ್ಟ್-ಪೆರೋವ್‌ಸ್ಕೈಟ್, ಅಲೆಗಳ ಜಿಗಿತಕ್ಕೆ ವಿವರಣೆ ಒದಗಿಸಿತು.

ಮಂಗಳ ಗ್ರಹದ ವಿಷಯದಲ್ಲೂ ಈ ಲೆಕ್ಕಗಳು ಬೇಕಾದವು. 2018ರಲ್ಲಿ ಅಲ್ಲಿಳಿದ ನಾಸಾದ ಇನ್‌ಸೈಟ್ ನೌಕೆ ಕಂಪನಗಳನ್ನು ದಾಖಲಿಸಿ, ತಿರುಳಿನ ತ್ರಿಜ್ಯ ಸುಮಾರು 1,830 ಕಿಲೋಮೀಟರ್ ಎಂಬ ಅಂದಾಜಿಗೆ ಎಡೆಮಾಡಿತು. ತಿರುಳು ಅಷ್ಟು ದೊಡ್ಡದಾದರೆ ಅದರ ಸಾಂದ್ರತೆ ತಗ್ಗಬೇಕು, ಕಬ್ಬಿಣದೊಂದಿಗೆ ಗಂಧಕ, ಆಮ್ಲಜನಕ, ಇಂಗಾಲದಂಥ ಹಗುರ ಧಾತುಗಳು ಅಸಹಜವೆನಿಸುವಷ್ಟು ಬೆರೆತಿರಬೇಕು. ದ್ರವ ಕಬ್ಬಿಣದ ಗುಣಗಳನ್ನು ಬಲ್ಲವರಿಗೆ ಅದು ಒಪ್ಪಿಗೆಯಾಗಲಿಲ್ಲ. 2023ರಲ್ಲಿ ಎರಡು ತಂಡಗಳು ತಿರುಳಿನ ಮೇಲೆ ಸುಮಾರು 150 ಕಿಲೋಮೀಟರ್ ದಪ್ಪದ ಕರಗಿದ ಕಲ್ಲಿನ ಪದರವಿದೆಯೆಂದೂ, ಲೋಹದ ತಿರುಳು ಮೊದಲು ಎಣಿಸಿದ್ದಕ್ಕಿಂತ ಚಿಕ್ಕದೆಂದೂ ತೋರಿಸಿದವು.

ಇಂಥ ಪ್ರಯೋಗಗಳಲ್ಲಿ ಸೂಜಿ ಹಿಡಿದು ಚೂರು ಕೂರಿಸುವವರು, ಸಿಂಕ್ರೋಟ್ರಾನ್‌ನಲ್ಲಿ ದೊರೆತ ಕೆಲವೇ ದಿನಗಳಲ್ಲಿ ಹಗಲುರಾತ್ರಿ ನಿದ್ದೆಗೆಟ್ಟು ಅಳತೆ ತೆಗೆಯುವವರು ಬಹುಪಾಲು ಪಿಎಚ್.ಡಿ. ವಿದ್ಯಾರ್ಥಿಗಳು ಮತ್ತು ಎರಡು-ಮೂರು ವರ್ಷದ ಒಪ್ಪಂದದ ಮೇಲಿರುವ ಪೋಸ್ಟ್‌ಡಾಕ್ ಸಂಶೋಧಕರು. ಕೈಪಳಗಲೇ ವರ್ಷ ಬೇಕಾಗುವ ವಿದ್ಯೆಗೆ ಈ ಅವಧಿ ಸಾಲದು ಎಂದೇ ನನ್ನ ಅಭಿಪ್ರಾಯ. ಪಳಗಿದ ಕೈ ಹೊರಟುಹೋದರೆ ಆ ಕೌಶಲವನ್ನು ಪ್ರಯೋಗಾಲಯ ಮತ್ತೆ ಮೊದಲಿನಿಂದ ಕಲಿಯಬೇಕಾಗುತ್ತದೆ.

ಕರ್ನಾಟಕಕ್ಕೆ ಈ ವಿದ್ಯೆ ಹೊರಗಿನದಲ್ಲ. ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ ಸಿ. ವಿ. ರಾಮನ್ ಅವರ ಬಳಿ ಪಳಗಿದ ಎ. ಜಯರಾಮನ್ ಮುಂದೆ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿದ್ದು 1983ರಲ್ಲಿ ಬರೆದ ಸಮೀಕ್ಷಾ ಪ್ರಬಂಧ, ಡೈಮಂಡ್ ಆನ್ವಿಲ್ ಸೆಲ್ ಬಳಸುವವರಿಗೆ ದಾರಿ ತೋರಿತು. ಇಂದು ಇಂದೋರ್‌ನ ಇಂಡಸ್-2 ಸಿಂಕ್ರೋಟ್ರಾನ್‌ನಲ್ಲಿ ಅಧಿಕ ಒತ್ತಡದ ಪ್ರಯೋಗಕ್ಕೆ ಸೌಲಭ್ಯವಿದೆ. ವಿಶ್ವವಿದ್ಯಾಲಯಗಳ ಸಂಶೋಧಕರೂ ಅಲ್ಲಿ ಸಮಯ ಕೋರಬಹುದು. ನಮ್ಮಲ್ಲಿ ಭೂವಿಜ್ಞಾನ ಓದುವವರು ಭೌತಶಾಸ್ತ್ರದ ಕಡೆ, ಭೌತಶಾಸ್ತ್ರ ಓದುವವರು ಕಲ್ಲಿನ ಕಡೆ ತಿರುಗಿ ನೋಡುವುದು ಕಡಿಮೆ. ಎರಡರಲ್ಲೂ ಆಸಕ್ತಿಯಿರುವ ವಿದ್ಯಾರ್ಥಿ ನಿಮ್ಮ ಮನೆಯಲ್ಲೋ ತರಗತಿಯಲ್ಲೋ ಇದ್ದರೆ, ಇಂಥದೊಂದು ಕ್ಷೇತ್ರವಿದೆಯೆಂದು ದಯವಿಟ್ಟು ತಿಳಿಸಿ.