ಕೊಲೆಗಾರ ತಡವಾಗಿ ಬಂದಾಗ

ಒಂದೇ ಚಿತ್ರವನ್ನು ಒಬ್ಬರು ಮೆಚ್ಚುವುದನ್ನೂ ಇನ್ನೊಬ್ಬರು ದುಡ್ಡು ದಂಡವಾಯಿತೆಂದು ಗೊಣಗುವುದನ್ನೂ ನೀವು ಕೇಳಿರುತ್ತೀರಿ. ಲೋಕೋ ಭಿನ್ನರುಚಿಃ ಎಂದು ಸುಮ್ಮನಾಗಬಹುದು. ಆದರೆ 2022ರ ಅಕ್ಟೋಬರ್‌ನಲ್ಲಿ ಅಮೆರಿಕದಲ್ಲಿ ತೆರೆಕಂಡ ‘ಹ್ಯಾಲೋವೀನ್ ಎಂಡ್ಸ್’ ಚಿತ್ರದ ಬಗೆಗಿನ ಜಗಳಕ್ಕೆ ಕಾರಣ ರುಚಿಯೊಂದೇ ಅಲ್ಲ.

ಮುಖವಾಡ ತೊಟ್ಟ ಕೊಲೆಗಾರ, ಕೈಯಲ್ಲೊಂದು ಚಾಕು, ಒಬ್ಬೊಬ್ಬರಾಗಿ ಬಲಿಯಾಗುವ ಹರೆಯದವರು, ಕೊನೆಗೆ ಎದುರು ನಿಲ್ಲುವ ಒಬ್ಬ ಹುಡುಗಿ: ಇಂಥ ಚಿತ್ರಗಳಿಗೆ ‘ಸ್ಲ್ಯಾಷರ್’ ಎಂದು ಹೆಸರು. ಈ ಮಾದರಿಯನ್ನು ಜನಪ್ರಿಯಗೊಳಿಸಿದ್ದು ಜಾನ್ ಕಾರ್ಪೆಂಟರ್ ಅವರ 1978ರ ‘ಹ್ಯಾಲೋವೀನ್’. ಕೊಲೆಗಾರ ಮೈಕೆಲ್ ಮೈಯರ್ಸ್. ಬದುಕುಳಿದ ಹುಡುಗಿ ಲಾರಿ, ಪಾತ್ರಧಾರಿ ಜೇಮೀ ಲೀ ಕರ್ಟಿಸ್. ನಿರ್ದೇಶಕ ಡೇವಿಡ್ ಗಾರ್ಡನ್ ಗ್ರೀನ್ 2018ರಲ್ಲಿ ಈ ಕಥೆಯನ್ನು ಮತ್ತೆ ಕೈಗೆತ್ತಿಕೊಂಡು ಮೂರು ಚಿತ್ರ ಮಾಡಿದರು. ‘ಎಂಡ್ಸ್’ ಮೂರನೆಯದು. (ಇವು ವಯಸ್ಕರ ಚಿತ್ರಗಳು. ಎಳೆಯ ಓದುಗರಿಗೆ ಸದ್ಯಕ್ಕೆ ಚರ್ಚೆಯಷ್ಟೇ ಸಾಕು.)

ಜಾಹೀರಾತುಗಳು ಲಾರಿ–ಮೈಕೆಲ್‌ರ ಕೊನೆಯ ಕಾಳಗವನ್ನು ತೋರಿಸಿದ್ದವು. ಒಳಗೆ ಕುಳಿತವರಿಗೆ ಸಿಕ್ಕಿದ್ದು ಕೋರಿ ಎಂಬ ಯುವಕನ ಕಥೆ. ತಾನು ನೋಡಿಕೊಳ್ಳುತ್ತಿದ್ದ ಮಗು ಆಕಸ್ಮಿಕವಾಗಿ ಸತ್ತದ್ದಕ್ಕೆ ಊರೇ ಅವನನ್ನು ಕೊಲೆಗಾರನೆಂದು ದೂರವಿಡುತ್ತದೆ. ಅವನು ನಿಧಾನವಾಗಿ ಹಾಗೆಯೇ ಆಗುತ್ತಾನೆ. ಮೈಕೆಲ್ ಬಹುಪಾಲು ಚರಂಡಿಯಲ್ಲಿ ಅಡಗಿರುತ್ತಾನೆ. ಕಾಳಗವೇನೋ ಬರುತ್ತದೆ, ಆದರೆ ತೀರಾ ಕೊನೆಗೆ. ಇದು ಮೋಸವೆಂದು ಕೆಲವರು ಸಿಡಿದರು. ಊರೊಂದು ತನ್ನ ರಾಕ್ಷಸನನ್ನು ತಾನೇ ಹೇಗೆ ಬೆಳೆಸುತ್ತದೆಂದು ಕೇಳುವ ಧೈರ್ಯ ಇದಕ್ಕಿದೆಯೆಂದು ಉಳಿದವರು ಮೆಚ್ಚಿದರು. ಕೋರಿಯ ಪತನ ಅವಸರದ್ದಾಯಿತು ಎಂಬ ದೂರನ್ನು ನಾನೂ ಒಪ್ಪುತ್ತೇನೆ, ಅದು ಚಿತ್ರದ ದೋಷ. ‘ಮೈಕೆಲ್ ಎಲ್ಲಿ?’ ಎಂಬ ದೂರು ಮಾತ್ರ ಹೆಚ್ಚಾಗಿ ಜಾಹೀರಾತಿಗೆ ಸಲ್ಲಬೇಕಾದದ್ದು.

ಈ ಸಿಟ್ಟನ್ನು ಅಳೆದದ್ದು ಹೇಗೆ? ಅಮೆರಿಕದಲ್ಲಿ ‘ಸಿನಿಮಾಸ್ಕೋರ್’ ಸಂಸ್ಥೆಯವರು ಬಿಡುಗಡೆಯ ಮೊದಲ ರಾತ್ರಿ ಪ್ರೇಕ್ಷಕರ ಕೈಗೆ ಚೀಟಿ ಕೊಟ್ಟು ದರ್ಜೆ ಕೇಳುತ್ತಾರೆ. 2018ರ ಚಿತ್ರಕ್ಕೆ ಬಿ ಪ್ಲಸ್, 2021ರದಕ್ಕೆ ಬಿ ಮೈನಸ್, ‘ಎಂಡ್ಸ್’ಗೆ ಸಿ ಪ್ಲಸ್ ಬಂತು. ಯೋಚಿಸಿ: ಮೊದಲ ರಾತ್ರಿಯೇ ಓಡಿಬರುವವರು ಯಾರು? ಅತಿ ಹೆಚ್ಚು ನಿರೀಕ್ಷೆ ಹೊತ್ತವರು. ಹೀಗಾಗಿ ಆ ಚೀಟಿ ಚಿತ್ರದ ಗುಣಕ್ಕಿಂತ, ಕೊಟ್ಟ ಮಾತು ಉಳಿಯಿತೇ ಎಂಬುದನ್ನೇ ಹೆಚ್ಚು ಅಳೆಯುತ್ತದೆ. ಮೊದಲ ವಾರಾಂತ್ಯ ಸುಮಾರು 4 ಕೋಟಿ ಡಾಲರ್ ಇದ್ದ ಗಳಿಕೆ ಅಮೆರಿಕದಲ್ಲಿ ಎರಡನೆಯದರಲ್ಲಿ ಸುಮಾರು 80 ಲಕ್ಷಕ್ಕೆ ಕುಸಿಯಿತು. ಬಿಡುಗಡೆಯ ದಿನವೇ ಅಲ್ಲಿ ಮನೆಯಲ್ಲೂ ‘ಪೀಕಾಕ್’ ಸೇವೆಯಲ್ಲಿ ಚಿತ್ರ ಲಭ್ಯವಿದ್ದುದರಿಂದ, ಪೂರ್ತಿ ಹೊಣೆಯನ್ನು ಸಿಟ್ಟಿನ ಮೇಲೆ ಹೊರಿಸಲಾಗದು.

ಇದೇ ಸರಣಿಯಲ್ಲಿ ಇಂಥದ್ದು ಹಿಂದೆಯೂ ನಡೆದಿತ್ತು. 1982ರ ‘ಹ್ಯಾಲೋವೀನ್ 3’ರಲ್ಲಿ ಮೈಕೆಲ್ ಪಾತ್ರವೇ ಇರಲಿಲ್ಲ, ಮಕ್ಕಳನ್ನು ಕೊಲ್ಲುವ ಮುಖವಾಡಗಳ ಬೇರೆಯೇ ಕಥೆ. ಜನ ತಿರಸ್ಕರಿಸಿದರು. 1988ರ ನಾಲ್ಕನೆಯ ಚಿತ್ರದ ಶೀರ್ಷಿಕೆಯಲ್ಲೇ ಮೈಕೆಲ್ ಮರಳಿ ಬಂದನೆಂದು ಸಾರಬೇಕಾಯಿತು. ಮುಂದಿನ ತಲೆಮಾರಿನವರು ಅವನಿಲ್ಲವೆಂದು ತಿಳಿದೇ ಮೂರನೆಯದನ್ನು ನೋಡಿದರು, ಹಲವರು ಮೆಚ್ಚಿದರು. ಚಿತ್ರ ಬದಲಾಗಿರಲಿಲ್ಲವಷ್ಟೆ.

ಅಂದ ಹಾಗೆ, ‘ಎಂಡ್ಸ್’ನ ಆರಂಭದ ಹೆಸರುಗಳು ಮೂಡುವುದು ಆ 1982ರ ಚಿತ್ರವನ್ನು ನೆನಪಿಸುವ ನೀಲಿ ಅಕ್ಷರಗಳಲ್ಲಿ. ಗುರುತಿಸಿದವರಿಗೆ ಮುನ್ಸೂಚನೆ ಅಲ್ಲೇ ಸಿಕ್ಕಿತ್ತು.