ಎರಡನೇ ಕಾರ್ಡಿನ ಉದ್ರಿ ಲೆಕ್ಕ

ಬೆಂಗಳೂರಿನ ಮಾಲ್‌ಗಳಲ್ಲಿ ಎಸ್ಕಲೇಟರ್ ಹತ್ತುವ ಮುಂಚೆ ಒಂದು ಪುಟ್ಟ ಮೇಜು ಅಡ್ಡ ಸಿಗುತ್ತದೆ. ಕೊರಳಿಗೆ ಗುರುತಿನ ಚೀಟಿ ತೂಗುಹಾಕಿಕೊಂಡ ಹುಡುಗ ಕೇಳುತ್ತಾನೆ: ‘ಸರ್, ಕ್ರೆಡಿಟ್ ಕಾರ್ಡ್ ಇದೆಯಾ?’ ಇದೆ ಎಂದು ಹೇಳಿ ತಪ್ಪಿಸಿಕೊಳ್ಳಬಹುದು ಎಂದುಕೊಂಡವರಿಗೆ ಅವನ ಬಳಿ ಉತ್ತರ ಸಿದ್ಧವಾಗಿರುತ್ತದೆ. ‘ಹಾಗಾದ್ರೆ ಇನ್ನೂ ಸುಲಭ ಸರ್, ಇನ್ನೊಂದು ಬೇಗ ಸಿಗುತ್ತೆ. ಲೈಫ್‌ಟೈಮ್ ಫ್ರೀ. ಐವತ್ತು ದಿನ ಬಡ್ಡಿನೇ ಇಲ್ಲ.’

ಹುಡುಗ ಸುಳ್ಳು ಹೇಳುತ್ತಿಲ್ಲ. ಈಗಾಗಲೇ ಒಂದು ಕಾರ್ಡ್ ಇದ್ದು, ಅದರ ಬಾಕಿಯನ್ನು ಸರಿಯಾಗಿ ಕಟ್ಟುತ್ತಾ ಬಂದವರನ್ನು ಕಂಡರೆ ಬ್ಯಾಂಕುಗಳಿಗೆ ಪ್ರೀತಿ ಜಾಸ್ತಿ. ದೇಶದಲ್ಲಿ ಚಾಲ್ತಿಯಲ್ಲಿರುವ ಕ್ರೆಡಿಟ್ ಕಾರ್ಡುಗಳ ಸಂಖ್ಯೆ 2024ರಲ್ಲೇ 10 ಕೋಟಿ ದಾಟಿದೆ. ಅಷ್ಟು ಬೇರೆ ಬೇರೆ ಜನರಿದ್ದಾರೆ ಎಂದೇನಲ್ಲ, ಒಂದೇ ಪರ್ಸಿನಲ್ಲಿ ಎರಡು ಮೂರು ಕಾರ್ಡ್ ಇಟ್ಟುಕೊಂಡವರು ಬೇಕಾದಷ್ಟಿದ್ದಾರೆ.

ಕಿರಾಣಿ ಅಂಗಡಿಯ ಉದ್ರಿ ಪುಸ್ತಕ ನೆನಪಿರುವವರಿಗೆ ‘ಬಡ್ಡಿ ಇಲ್ಲ’ ಎಂಬ ಮಾತು ಹೊಸದಲ್ಲ. ತಿಂಗಳಿಡೀ ಅಕ್ಕಿ, ಬೇಳೆ ಬರೆಸಿ, ಸಂಬಳದ ದಿನ ಲೆಕ್ಕ ಚುಕ್ತಾ ಮಾಡಿದರೆ ಅಂಗಡಿಯವರು ಬಡ್ಡಿ ಕೇಳುತ್ತಿರಲಿಲ್ಲ. ಕಾರ್ಡಿನ ವ್ಯವಹಾರವೂ ಅದೇ ಜಾಡಿನದು. ಅಂಗಡಿಯವನಿಗೆ ದುಡ್ಡು ಬ್ಯಾಂಕ್ ಕಡೆಯಿಂದ ಬೇಗನೆ ಸಂದಾಯವಾಗುತ್ತದೆ, ಆ ಸೇವೆಗೆಂದು ಅವನ ಕಡೆಯಿಂದಲೇ ಒಂದಿಷ್ಟು ಕಮಿಷನ್ ಮುರಿದುಕೊಳ್ಳಲಾಗುತ್ತದೆ. ಗಿರಾಕಿಗೆ ಗಡುವಿನವರೆಗೆ ಪುಕ್ಕಟೆ.

ಆ ಗಡುವಿನ ಲೆಕ್ಕ ಹೀಗಿದೆ. ಪ್ರತಿ ತಿಂಗಳು 18ನೇ ತಾರೀಕು ಬಿಲ್ ತಯಾರಾಗುವ, ಕಟ್ಟಲು 20 ದಿನ ಕೊಡುವ ಕಾರ್ಡೊಂದನ್ನು ತೆಗೆದುಕೊಳ್ಳೋಣ. ಜೂನ್ 19ರಂದು ಫ್ರಿಜ್ ಕೊಂಡರೆ ಅದು ಜುಲೈ 18ರ ಬಿಲ್ಲಿಗೆ ಬೀಳುತ್ತದೆ, ದುಡ್ಡು ಕಟ್ಟಬೇಕಾದದ್ದು ಆಗಸ್ಟ್ 7ಕ್ಕೆ. 49 ದಿನ ಸಿಕ್ಕಿತು. ಅದೇ ಫ್ರಿಜ್ಜನ್ನು ಎರಡು ದಿನ ಮೊದಲು, ಜೂನ್ 17ರಂದು ಕೊಂಡಿದ್ದರೆ ಜುಲೈ 8ಕ್ಕೇ ಕಟ್ಟಬೇಕು. ಸಿಗುವುದು 21 ದಿನ ಮಾತ್ರ. ಜಾಹೀರಾತಿನ ‘ಐವತ್ತು ದಿನದವರೆಗೆ’ ಎಂಬುದರಲ್ಲಿ ‘ವರೆಗೆ’ ಎಂಬ ಪದಕ್ಕಿರುವ ಬೆಲೆ ಇದು.

ಎರಡನೇ ಕಾರ್ಡಿನ ಜಾಣ್ಮೆ ಇರುವುದೂ ಇಲ್ಲಿಯೇ. ಅದರ ಬಿಲ್ 3ನೇ ತಾರೀಕು ತಯಾರಾಗುತ್ತದೆ ಎಂದಿಟ್ಟುಕೊಳ್ಳಿ. ಜೂನ್ 5ರ ಖರೀದಿಗೆ ಮೊದಲ ಕಾರ್ಡಿನಲ್ಲಿ 33 ದಿನ ಸಿಕ್ಕರೆ ಎರಡನೆಯದರಲ್ಲಿ 48 ದಿನ. 4ರಿಂದ 18ರವರೆಗೆ ಎರಡನೇ ಕಾರ್ಡ್, 19ರಿಂದ ಮುಂದಿನ 3ರವರೆಗೆ ಮೊದಲನೆಯದು ಎಂದು ಹಂಚಿಕೊಂಡವರಿಗೆ ಪ್ರತಿ ಖರೀದಿಗೂ ಒಂದು ತಿಂಗಳಿಗಿಂತ ಹೆಚ್ಚು ಬಡ್ಡಿರಹಿತ ಸಮಯ ಸಿಗುತ್ತದೆ. ಇದಕ್ಕಾಗಿ ಹೊಸ ಕಾರ್ಡನ್ನೇ ಮಾಡಿಸಬೇಕೆಂದೂ ಇಲ್ಲ. ಸಂಬಳದ ದಿನಕ್ಕೂ ಬಿಲ್ಲಿನ ದಿನಕ್ಕೂ ತಾಳೆಯಾಗದಿದ್ದರೆ ಕನಿಷ್ಠ ಒಂದು ಸಲ ಬಿಲ್ಲಿನ ಆವರ್ತ ಬದಲಿಸಿಕೊಳ್ಳಲು ಗ್ರಾಹಕರಿಗೆ ಅವಕಾಶ ಕೊಡಬೇಕೆಂದು ರಿಸರ್ವ್ ಬ್ಯಾಂಕ್ ನಿಯಮವೇ ಇದೆ.

ಎರಡನೇ ಕಾರ್ಡಿನಿಂದ ಇನ್ನೊಂದು ಲಾಭ, ಸಾಲಗಾರನ ವಿಶ್ವಾಸಾರ್ಹತೆ ಅಳೆಯುವ ಸಿಬಿಲ್ ಅಂಕದ್ದು. 300ರಿಂದ 900ರವರೆಗಿನ ಈ ಅಂಕ ಕಟ್ಟುವಾಗ, ಕೊಟ್ಟ ಮಿತಿಯಲ್ಲಿ ಎಷ್ಟು ಪಾಲು ಬಳಕೆಯಾಗಿದೆ ಎಂಬುದೂ ಗಣನೆಗೆ ಬರುತ್ತದೆ. 50 ಸಾವಿರದ ಮಿತಿಯಲ್ಲಿ 40 ಸಾವಿರ ಖರ್ಚು ಮಾಡಿದರೆ ಬಳಕೆ ಶೇ. 80. ಒಂದು ಲಕ್ಷದ ಮಿತಿಯ ಮತ್ತೊಂದು ಕಾರ್ಡ್ ಬಂದು, ಖರ್ಚು ಅಷ್ಟೇ ಉಳಿದರೆ ಬಳಕೆ ಶೇ. 27ರ ಆಸುಪಾಸಿಗೆ ಇಳಿಯುತ್ತದೆ. ಶೇ. 30ರೊಳಗಿದ್ದರೆ ಕ್ಷೇಮ ಎಂಬುದು ಈ ವಲಯದಲ್ಲಿ ರೂಢಿಯ ಮಾತು. ಆದರೆ ಒಂದೇ ಬ್ಯಾಂಕಿನಿಂದ ಎರಡನೇ ಕಾರ್ಡ್ ಪಡೆದರೆ ಸಾಮಾನ್ಯವಾಗಿ ಹಳೆಯ ಮಿತಿಯನ್ನೇ ಎರಡೂ ಹಂಚಿಕೊಳ್ಳುತ್ತವೆ. ಹೆಂಡತಿಗೋ ಮಗನಿಗೋ ಕೊಡಿಸುವ ‘ಆಡ್-ಆನ್’ ಕಾರ್ಡಿನ ಕಥೆಯೂ ಇಷ್ಟೇ: ಮಿತಿ ಒಂದೇ, ಬಿಲ್ ಬರುವುದು ಯಜಮಾನನ ಹೆಸರಿಗೆ, ಕಟ್ಟದಿದ್ದರೆ ಹೊಣೆಯೂ ಅವನದೇ.

ಅರ್ಜಿ ಹಾಕುವುದು ಈಗ ಹತ್ತು ನಿಮಿಷದ ಕೆಲಸ. ಪ್ಯಾನ್, ಆಧಾರ್, ಸಂಬಳದ ಚೀಟಿ ಅಥವಾ ಆದಾಯ ತೆರಿಗೆ ರಿಟರ್ನ್, ಕೊನೆಗೊಂದು ವಿಡಿಯೊ ಕರೆ. ಆದಾಯದ ದಾಖಲೆ ಇಲ್ಲದವರಿಗೆ ನಿಶ್ಚಿತ ಠೇವಣಿಯ ಆಧಾರದ ಮೇಲೆ ಕಾರ್ಡ್ ಕೊಡುವ ಬ್ಯಾಂಕುಗಳೂ ಇವೆ. ಸುಲಭ ಎಂದು ಒಂದೇ ವಾರದಲ್ಲಿ ನಾಲ್ಕು ಬ್ಯಾಂಕಿಗೆ ಅರ್ಜಿ ಗುಜರಾಯಿಸುವವರು ಎಡವುವುದು ಇಲ್ಲೇ. ಪ್ರತಿ ಅರ್ಜಿಗೂ ಆ ಬ್ಯಾಂಕು ಗ್ರಾಹಕನ ಸಾಲದ ಚರಿತ್ರೆ ತೆರೆದು ನೋಡುತ್ತದೆ, ನೋಡಿದ್ದು ದಾಖಲಾಗುತ್ತದೆ. ಸಾಲಕ್ಕೆ ಪರದಾಡುತ್ತಿದ್ದಾನೆ ಎಂದು ಐದನೆಯ ಬ್ಯಾಂಕು ಅರ್ಥಮಾಡಿಕೊಂಡರೆ ಅದರ ತಪ್ಪಲ್ಲ. ತನ್ನ ವರದಿಯನ್ನು ತಾನೇ ನೋಡಿಕೊಂಡರೆ ಅಂಕಕ್ಕೆ ಧಕ್ಕೆಯಿಲ್ಲ. ವರ್ಷಕ್ಕೊಮ್ಮೆ ಪೂರ್ಣ ವರದಿಯನ್ನು ಉಚಿತವಾಗಿ ಪಡೆಯಬಹುದು. ಅರ್ಜಿ ತಿರಸ್ಕೃತವಾದರೆ ಕಾರಣವನ್ನು ಬ್ಯಾಂಕು ಲಿಖಿತವಾಗಿ ತಿಳಿಸಬೇಕು.

ಇನ್ನು ಬಡ್ಡಿ. ಆಗಸ್ಟ್ 7ಕ್ಕೆ ಕಟ್ಟಬೇಕಾದ ಆ ಫ್ರಿಜ್ಜಿನ ಬಿಲ್ 40 ಸಾವಿರ ರೂಪಾಯಿ, ‘ಕನಿಷ್ಠ ಬಾಕಿ’ ಎಂಬ ಸಾಲಿನ ಎದುರು 2 ಸಾವಿರ ಎಂದಿದೆ ಎಂದುಕೊಳ್ಳೋಣ. ಗಿರಾಕಿ 2 ಸಾವಿರ ಕಟ್ಟಿ ನಿಟ್ಟುಸಿರು ಬಿಡುತ್ತಾನೆ. ತಡ ಶುಲ್ಕದಿಂದ ಪಾರಾದದ್ದೇನೋ ನಿಜ, ಬಡ್ಡಿರಹಿತ ಅವಧಿ ಮಾತ್ರ ಅಲ್ಲಿಗೆ ರದ್ದು. ಉಳಿದ 38 ಸಾವಿರಕ್ಕೆ ಬಡ್ಡಿ ಓಡುವುದು ಆಗಸ್ಟ್ 7ರಿಂದ ಅಲ್ಲ, ಫ್ರಿಜ್ ಕೊಂಡ ಜೂನ್ 19ರಿಂದ. ತಿಂಗಳಿಗೆ ಶೇ. 3.5ರಂತೆ ಆಗಸ್ಟ್ 18ರ ಬಿಲ್ಲಿನವರೆಗೆ 60 ದಿನಕ್ಕೆ ಸುಮಾರು 2,620 ರೂಪಾಯಿ, ಅದರ ಮೇಲೆ ಶೇ. 18 ಜಿಎಸ್‌ಟಿ ಸುಮಾರು 470 ರೂಪಾಯಿ. ಹೊಸ ಬಿಲ್ 41 ಸಾವಿರ ದಾಟಿತು. ಎರಡು ಸಾವಿರ ಕಟ್ಟಿದ ಮೇಲೆ ಸಾಲ ಸಾವಿರ ರೂಪಾಯಿ ಬೆಳೆದಿದೆ! ಸಾಲದ್ದಕ್ಕೆ, ಹಳೆಯ ಬಾಕಿ ತೀರುವ ತನಕ ಹೊಸ ಖರೀದಿಗಳಿಗೂ ಮೊದಲ ದಿನದಿಂದಲೇ ಬಡ್ಡಿ.

ತಿಂಗಳಿಗೆ ಮೂರೂವರೆ ಎಂದರೆ ವರ್ಷಕ್ಕೆ ಶೇ. 42. ಶೇ. 30ಕ್ಕಿಂತ ಹೆಚ್ಚಿನ ಬಡ್ಡಿ ಅನ್ಯಾಯದ ವ್ಯಾಪಾರ ಪದ್ಧತಿ ಎಂದು ರಾಷ್ಟ್ರೀಯ ಗ್ರಾಹಕ ಆಯೋಗ 2008ರಲ್ಲಿ ಹೇಳಿತ್ತು. ಆ ಆದೇಶವನ್ನು ಸುಪ್ರೀಂ ಕೋರ್ಟ್ 2024ರ ಡಿಸೆಂಬರ್ 20ರಂದು ಬದಿಗೆ ಸರಿಸಿತು. ಅಲ್ಲಿಗೆ ಆ ಮಿತಿಯೂ ಹೋಯಿತು.

ಇಂಥ ಇಕ್ಕಟ್ಟಿನಲ್ಲಿ ಒಂದು ಕಾರ್ಡಿನಿಂದ ಎಟಿಎಂನಲ್ಲಿ ನಗದು ತೆಗೆದು ಇನ್ನೊಂದರ ಬಾಕಿ ಕಟ್ಟುವ ಉಪಾಯ ಹೊಳೆಯುವುದುಂಟು. ನಗದಿಗೆ ಬಡ್ಡಿರಹಿತ ಅವಧಿ ಒಂದು ದಿನವೂ ಇಲ್ಲ, ಜೊತೆಗೆ ತೆಗೆದದ್ದಕ್ಕೆ ಬೇರೆ ಶುಲ್ಕ.

‘ನೋ ಕಾಸ್ಟ್ ಇಎಂಐ’ ಎಂಬ ಸೌಮ್ಯ ಹೆಸರಿನ ಹಿಂದೆಯೂ ಇಣುಕಬೇಕು. 30 ಸಾವಿರದ ಫೋನು, ಆರು ಕಂತು, ಕಂತಿಗೆ 5 ಸಾವಿರ. ವರ್ಷಕ್ಕೆ ಶೇ. 15ರ ಲೆಕ್ಕ ಹಿಡಿದರೆ ಇದರೊಳಗೆ ಸುಮಾರು 1,270 ರೂಪಾಯಿ ಬಡ್ಡಿ ಅಡಗಿದೆ. ಅಷ್ಟನ್ನು ಮಾರಾಟಗಾರ ರಿಯಾಯಿತಿಯಾಗಿ ಮೊದಲೇ ಬಿಟ್ಟುಕೊಡುತ್ತಾನೆ. ಆ ಬಡ್ಡಿಯ ಮೇಲಿನ ಸುಮಾರು 230 ರೂಪಾಯಿ ಜಿಎಸ್‌ಟಿ ಮಾತ್ರ ಗಿರಾಕಿಯ ತಲೆಗೆ, ಸಂಸ್ಕರಣಾ ಶುಲ್ಕವಿದ್ದರೆ ಅದೂ. ಶೂನ್ಯ ಬಡ್ಡಿ ಎಂಬುದು ಇಲ್ಲವೇ ಇಲ್ಲ, ಬಡ್ಡಿಯನ್ನು ಶುಲ್ಕದ ವೇಷದಲ್ಲಿ ವಸೂಲು ಮಾಡಲಾಗುತ್ತಿದೆ ಎಂದು ರಿಸರ್ವ್ ಬ್ಯಾಂಕ್ 2013ರ ಸೆಪ್ಟೆಂಬರಿನಲ್ಲೇ ಬ್ಯಾಂಕುಗಳಿಗೆ ಚಾಟಿ ಬೀಸಿತ್ತು.

ಗ್ರಾಹಕನ ಪರವಾಗಿ ಗಟ್ಟಿ ನಿಯಮಗಳು ಬಂದದ್ದು 2022ರಲ್ಲಿ. ಕೇಳದೆ ಕಾರ್ಡ್ ಕಳಿಸಿ ಬಿಲ್ ಹಾಕಿದರೆ ಆ ಮೊತ್ತವನ್ನು ಹಿಂತಿರುಗಿಸಿ, ಅದರ ಎರಡರಷ್ಟನ್ನು ಬ್ಯಾಂಕು ದಂಡವಾಗಿ ತೆರಬೇಕು. ಬಾಕಿ ಇಲ್ಲದ ಕಾರ್ಡನ್ನು ಮುಚ್ಚಿ ಎಂದರೆ ಏಳು ಕೆಲಸದ ದಿನಗಳಲ್ಲಿ ಮುಚ್ಚಬೇಕು, ತಡಮಾಡಿದರೆ ದಿನಕ್ಕೆ 500 ರೂಪಾಯಿಯಂತೆ ಗ್ರಾಹಕನಿಗೇ ಕೊಡಬೇಕು. ಅರ್ಜಿಯ ಜೊತೆ ಬಡ್ಡಿ, ಶುಲ್ಕಗಳ ವಿವರವಿರುವ ಒಂದು ಪುಟದ ಹಾಳೆಯನ್ನು ಕೊಡುವುದೂ ಕಡ್ಡಾಯ. ‘ಲೈಫ್‌ಟೈಮ್ ಫ್ರೀ’ ಎಂದರೆ ವಾರ್ಷಿಕ ಶುಲ್ಕ ಇಲ್ಲ ಎಂದಷ್ಟೇ ಅರ್ಥ ಎಂಬುದು ಆ ಹಾಳೆ ಓದಿದರೆ ತಿಳಿಯುತ್ತದೆ.

ಮಾಲ್‌ನ ಮೇಜಿನ ಮುಂದೆ ನಿಂತವರು ಪಾಯಿಂಟ್ಸ್ ಎಷ್ಟು, ಏರ್‌ಪೋರ್ಟ್ ಲೌಂಜ್ ಇದೆಯಾ ಎಂದೆಲ್ಲ ವಿಚಾರಿಸುತ್ತಾರೆ. ಹುಡುಗ ಪಟಪಟನೆ ಒಪ್ಪಿಸುತ್ತಾನೆ. ‘ಬಿಲ್ ಯಾವ ತಾರೀಕಿಗೆ ಬರುತ್ತೆ?’ ಎಂದು ಯಾರಾದರೂ ಕೇಳಿದರೆ ಮಾತ್ರ ಟ್ಯಾಬ್‌ನಿಂದ ತಲೆ ಎತ್ತುತ್ತಾನೆ. ‘ಅದು ಕಾರ್ಡ್ ಬಂದ್ಮೇಲೆ ಗೊತ್ತಾಗುತ್ತೆ ಸರ್.’